ಕಣ್ಣಿನ ಲೆನ್ಸ್ ಜಾರಿದಾಗ

2023ರ ಡಿಸೆಂಬರ್ ಮೊದಲ ವಾರ. ಧನುರ್ಮಾಸ ಹಿಡಿಯುವುದರೊಳಗೆ ಕೊಡಬೇಕಾಗಿದ್ದ ಮದುವೆ ರವಿಕೆಗಳು ಶಿವಮೊಗ್ಗದ ನಮ್ಮ ಹೊಲಿಗೆ ಅಂಗಡಿಯಲ್ಲಿ ರಾಶಿ ಬಿದ್ದಿದ್ದವು. ಕಟಿಂಗ್ ಟೇಬಲ್ಲಿನಿಂದ ಉರುಳಿದ ಚಾಕ್ ಎತ್ತಿಕೊಳ್ಳಲು ಬಗ್ಗಿ ಎದ್ದೆ. ಅಷ್ಟರಲ್ಲಿ ಎಡಗಣ್ಣು ಕಲಸಿಹೋಗಿತ್ತು. ನೋವಿಲ್ಲ, ಉರಿಯಿಲ್ಲ, ಕೆಂಪಿಲ್ಲ. ಬಾವಿ ನೀರಿನೊಳಗೆ ಕಣ್ಣು ಬಿಟ್ಟರೆ ಹೇಗೆ ಕಾಣುತ್ತದೋ ಹಾಗೆ. ಎದುರಿಗಿದ್ದ ಹುಡುಗಿಯ ಮುಖ ಬರೀ ಬಣ್ಣದ ಮುದ್ದೆ. ಬಲಗಣ್ಣು ಮುಚ್ಚಿ ನೋಡಿದೆ, ತೆರೆದು ನೋಡಿದೆ. 'ಯಾಕಕ್ಕಾ, ಧೂಳು ಬಿತ್ತಾ?' ಅಂತ ಅವಳು ಓಡಿಬಂದಳು. ನನ್ನ ಕೈಕಾಲು ತಣ್ಣಗಾಗಿದ್ದವು.

ಆ ರಾತ್ರಿ ಅಂಗಾತ ಮಲಗಿದಾಗ ಇನ್ನೊಂದು ಕಂಡಿತು. ಬಲಗಣ್ಣು ಮುಚ್ಚಿಕೊಂಡು ಟ್ಯೂಬ್‌ಲೈಟ್ ಕಡೆ ನೋಡಿದರೆ, ಕಾಸಿನಗಲದ ಒಂದು ದುಂಡನೆಯ ನೆರಳು ನಿಧಾನಕ್ಕೆ ತೇಲಿ ಬಂದು ನಿಲ್ಲುತ್ತಿತ್ತು. ಪಕ್ಕಕ್ಕೆ ತಿರುಗಿದರೆ ಅದೂ ಜಾರುತ್ತಿತ್ತು. ಅದರ ಅಂಚು ಸ್ಪಷ್ಟವಾಗಿತ್ತು, ನೀರಿನ ಹನಿಯ ಅಂಚಿನ ಹಾಗೆ. 2010ರಲ್ಲಿ ಪೊರೆ ಆಪರೇಷನ್ ಮಾಡಿ ಹಾಕಿದ್ದ ಲೆನ್ಸನ್ನೇ ನಾನು ಒಳಗಿನಿಂದ ನೋಡುತ್ತಿದ್ದೇನೆ ಅಂತ ಆಗ ಗೊತ್ತಿರಲಿಲ್ಲ. ಒಮ್ಮೆ ಹಾಕಿದ ಲೆನ್ಸು ಜೀವನಪರ್ಯಂತ ಅಲ್ಲೇ ಇರುತ್ತದೆ ಅಂತಲೇ ನಂಬಿಕೊಂಡಿದ್ದೆ. ಬಹುಪಾಲು ಜನರಿಗೆ ಇರುತ್ತದೆ ಕೂಡ.

ಮುನ್ಸೂಚನೆ ಇರಲಿಲ್ಲ ಅಂತ ಹೇಳಲಾರೆ. ಅದಕ್ಕೂ ಏಳೆಂಟು ತಿಂಗಳ ಹಿಂದಿನಿಂದಲೇ ಎಡಗಣ್ಣಿಗೆ ಒಂದು ದೀಪ ಎರಡಾಗಿ ಕಾಣುತ್ತಿತ್ತು. ಹೊಲಿಗೆಯ ಸಾಲಿನ ಪಕ್ಕದಲ್ಲಿ ಅದರದ್ದೇ ಮಸುಕು ಸಾಲು. ರಾತ್ರಿ ಎದುರಿನಿಂದ ಗಾಡಿ ಬಂದರೆ ಹೆಡ್‌ಲೈಟಿನ ಸುತ್ತ ಅರ್ಧಚಂದ್ರದಂಥ ಗೆರೆ ಮಿಂಚುತ್ತಿತ್ತು. ತೋರಿಸಿದ ಕಡೆ ನಂಬರ್ ಬದಲಾಗಿದೆ ಅಂದರು. ಆರು ತಿಂಗಳಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದೆ. ಪಾಪೆ ಅಗಲ ಮಾಡುವ ಹನಿ ಹಾಕಿ ಲೆನ್ಸಿನ ಅಂಚು ಎಲ್ಲಿದೆ ಅಂತ ಯಾರೂ ನೋಡಲಿಲ್ಲ. ನೋಡಿದ್ದರೆ ಆಗಲೇ ಅದು ಒಂದು ಕಡೆ ಇಳಿದು ಕೂತಿದ್ದು ಕಾಣುತ್ತಿತ್ತು ಅಂತ ಆಮೇಲೆ ತಿಳಿಯಿತು. ಒಂದೇ ಕಣ್ಣಿಗೆ, ಇನ್ನೊಂದನ್ನು ಮುಚ್ಚಿದಾಗಲೂ ಎರಡೆರಡು ಕಂಡರೆ ಅದು ಆ ಕಣ್ಣಿನೊಳಗಿನ ತೊಂದರೆ. ಇದನ್ನು ಅವತ್ತು ಯಾರಾದರೂ ಹೇಳಿದ್ದರೆ ನಾನು ಕನ್ನಡಕದ ಅಂಗಡಿಗೆ ಹೋಗುತ್ತಿರಲಿಲ್ಲ.

ಸೋಮವಾರ ಊರಿನ ಕಣ್ಣಿನ ಡಾಕ್ಟರು ಹನಿ ಹಾಕಿ ನೋಡಿದರು. 'ಲೆನ್ಸ್ ಹಿಂದಕ್ಕೆ ಬಿದ್ದಿದೆ. ರೆಟಿನಾ ಸರ್ಜನ್ ನೋಡಬೇಕು. ಬೆಂಗಳೂರಿಗೆ ಹೊರಡಿ, ಮುಂದಕ್ಕೆ ಹಾಕಬೇಡಿ' ಅಂದರು. ರೆಟಿನಾ ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪರದೆ. ಯಜಮಾನರು ಅಂಗಡಿಯ ಹುಡುಗಿಗೆ ರವಿಕೆಗಳನ್ನು ಒಪ್ಪಿಸಿ ಬಂದರು. ಮುಂಜಾನೆಯ ಜನಶತಾಬ್ದಿ ಹತ್ತಿದೆವು. ಬೀರೂರು, ಅರಸೀಕೆರೆ, ತುಮಕೂರು ದಾಟುವಷ್ಟೂ ಹೊತ್ತು ಕಿಟಕಿಯಾಚೆ ನೋಡುವುದಕ್ಕೆ ಮನಸ್ಸಾಗಲಿಲ್ಲ. ನಮ್ಮಜ್ಜಿ ಕಣ್ಣೆದುರು ಬರುತ್ತಿದ್ದಳು. ಡಾ. ಎಂ. ಸಿ. ಮೋದಿಯವರ ಕ್ಯಾಂಪಿನಲ್ಲಿ ಪೊರೆ ತೆಗೆಸಿಕೊಂಡು ಬಂದವಳು. ಆಗ ಲೆನ್ಸ್ ಹಾಕುವ ಕಾಲವಲ್ಲ. ಪೊರೆ ಅಂದರೆ ಮಂಜಾದ ಕಣ್ಣಿನ ಮಸೂರವನ್ನೇ ತೆಗೆದು, ದಪ್ಪ ಸೋಡಾಗ್ಲಾಸಿನ ಕನ್ನಡಕ ಕೊಡುತ್ತಿದ್ದರು. ಕನ್ನಡಕ ತೆಗೆದರೆ ಅಜ್ಜಿಗೆ ಮನುಷ್ಯರ ಗುರುತೇ ಸಿಗುತ್ತಿರಲಿಲ್ಲ, ದನಿ ಕೇಳಿ ಹೆಸರು ಹೇಳುತ್ತಿದ್ದಳು. ಈಗ ನನ್ನ ಎಡಗಣ್ಣು ಅಜ್ಜಿಯ ಕಣ್ಣಾಗಿತ್ತು.

ಬೆಂಗಳೂರಿನಲ್ಲಿ ಅಣ್ಣನ ಮನೆ. ಆಸ್ಪತ್ರೆಗೆ ಅವನೂ ಜೊತೆಗೆ ಬಂದ. ಮಧ್ಯಾಹ್ನದವರೆಗೂ ಪರೀಕ್ಷೆಗಳೇ ಆದವು. ಕಣ್ಣಿನ ಒತ್ತಡ ನೋಡಿದರು. ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪರದೆಯ, ಒಳಪದರದಲ್ಲಿ ಜೀವಕೋಶಗಳು ಎಷ್ಟಿವೆ ಅಂತ ಎಣಿಸಿದರು, ನನ್ನದು ಚದರ ಮಿಲಿಮೀಟರಿಗೆ 1,600 ಬಂತು. ಹೊಸ ಲೆನ್ಸಿನ ಪವರ್ ಎಷ್ಟಿರಬೇಕು ಅಂತ ಕಣ್ಣಿನ ಉದ್ದ ಅಳೆದರು. ಆಮೇಲೆ ಸರ್ಜನ್ ಹತ್ತಿರ ಕಳಿಸಿದರು. ಐವತ್ತರ ಆಸುಪಾಸಿನ ಹೆಂಗಸು, ಮಾತಿನಲ್ಲಿ ಅವಸರವಿಲ್ಲದವರು. ಎಲ್ಲ ನೋಡಿ ಮುಗಿಸಿ ಅವರು ಕೇಳಿದ ಮೊದಲ ಪ್ರಶ್ನೆ: 'ಅಮ್ಮಾ, ಚಿಕ್ಕವರಿದ್ದಾಗ ಈ ಕಣ್ಣಿಗೇನಾದ್ರೂ ಪೆಟ್ಟು ಬಿದ್ದಿತ್ತಾ?'

ನಾನು ಬಾಯಿ ತೆರೆಯುವ ಮುಂಚೆ ಅಣ್ಣ ಉತ್ತರ ಕೊಟ್ಟ. 'ಬಿದ್ದಿತ್ತು ಮೇಡಂ. ಚಿನ್ನಿದಾಂಡು ಆಡುವಾಗ. ಚಿನ್ನಿ ಚಿಮ್ಮಿಸಿದವನು ನಾನೇ.'

ನನಗಾಗ ಒಂಬತ್ತು ವರ್ಷ, ಅವನಿಗೆ ಹನ್ನೆರಡು. ಕಣ್ಣು ಊದಿಕೊಂಡು ಮೂರು ದಿನ ತೆರೆಯಲಾಗಿರಲಿಲ್ಲ. ಕೊಟ್ಟಿಗೆಯ ಹತ್ತಿರ ಎಡವಿ ಬಿದ್ದೆ ಅಂತ ಅಪ್ಪನಿಗೆ ಸುಳ್ಳು ಹೇಳಿದ್ದೆ. ಊತ ಇಳಿಯಿತು, ಎಲ್ಲರೂ ಮರೆತರು. ಅಣ್ಣನೂ ಮರೆತಿದ್ದಾನೆ ಅಂದುಕೊಂಡಿದ್ದೆ. ನಲವತ್ನಾಲ್ಕಕ್ಕೇ ಆ ಒಂದು ಕಣ್ಣಿಗೆ ಮಾತ್ರ ಪೊರೆ ಬಂದಾಗ 'ವಯಸ್ಸಿಗೆ ಮುಂಚೆ ಬಂದಿದೆ' ಅಂತಷ್ಟೇ ಮಾತಾಗಿತ್ತು.

ಸರ್ಜನ್ ಒಂದು ಕಾಗದ ತೆಗೆದುಕೊಂಡು ಕಣ್ಣಿನ ಚಿತ್ರ ಬರೆದರು. ನಮ್ಮ ಹುಟ್ಟು ಮಸೂರ ಒಂದು ತೆಳುವಾದ ಚೀಲದೊಳಗಿರುತ್ತದೆ. ಆ ಚೀಲವನ್ನು ಸುತ್ತಲೂ ನೂರಾರು ಸಣ್ಣ ನಾರುಗಳು ಹಿಡಿದು ನಿಲ್ಲಿಸಿರುತ್ತವೆ. ಝೊನ್ಯೂಲ್ ಅಂತ ಅವಕ್ಕೆ ಹೆಸರು. ಪೊರೆ ಆಪರೇಷನ್ನಿನಲ್ಲಿ ಒಳಗಿನ ತಿರುಳು ತೆಗೆದು ಅದೇ ಚೀಲದೊಳಗೆ ಹೊಸ ಲೆನ್ಸ್ ಕೂರಿಸುತ್ತಾರೆ. ಅಂದರೆ ಹೊಸ ಲೆನ್ಸಿಗೂ ಆಧಾರ ಹಳೆಯ ನಾರುಗಳೇ. ಪೆಟ್ಟು ಬಿದ್ದ ಕಣ್ಣಿನಲ್ಲಿ ಅವುಗಳಲ್ಲಿ ಕೆಲವು ಅವತ್ತೇ ಹರಿದಿರುತ್ತವೆ, ಉಳಿದವು ವರ್ಷ ಕಳೆದಂತೆ ಸೋಲುತ್ತವೆ. ಪೆಟ್ಟೇ ಆಗಬೇಕೆಂದಿಲ್ಲ. ಮೈನಸ್ ನಂಬರ್ ತುಂಬ ಜಾಸ್ತಿ ಇರುವವರಿಗೆ, ಕಣ್ಣೊಳಗೆ ಬೂದಿಯಂಥ ಪದಾರ್ಥ ಕೂರುವ ಒಂದು ಕಾಯಿಲೆ ಇರುವವರಿಗೆ, ಮಾರ್ಫನ್ ಅನ್ನುವ ಹುಟ್ಟು ತೊಂದರೆ ಇರುವವರಿಗೂ ಹೀಗಾಗುತ್ತದೆ. 2010ರಲ್ಲಿ ಆಪರೇಷನ್ ಮಾಡಿದವರು ನಾರು ಸಡಿಲವಿರುವುದನ್ನು ಗಮನಿಸಿ ಚೀಲದೊಳಗೆ ಒಂದು ಬಳೆಯನ್ನೂ ಕೂರಿಸಿದ್ದರಂತೆ. ಅದು ಪ್ಲಾಸ್ಟಿಕ್ಕಿನ ಬಾಯಿಬಿಟ್ಟ ಬಳೆ, ಕ್ಯಾಪ್ಸುಲರ್ ಟೆನ್ಷನ್ ರಿಂಗ್. ರವಿಕೆಯ ತೋಳಿನೊಳಗೆ ಕ್ಯಾನ್ವಾಸ್ ಕೊಟ್ಟ ಹಾಗೆ ಅದು ಚೀಲವನ್ನು ಬಿಗಿಯಾಗಿ ಅಗಲಿಸಿ ಹಿಡಿಯುತ್ತದೆ, ಇದ್ದ ನಾರುಗಳ ಮೇಲಿನ ಭಾರವನ್ನು ಸಮನಾಗಿ ಹಂಚುತ್ತದೆ. ಹದಿಮೂರು ವರ್ಷ ಅದು ತಡೆಯಿತು. ನಾರುಗಳೇ ಹೋದ ಮೇಲೆ ಚೀಲ, ಬಳೆ, ಲೆನ್ಸ್ ಮೂರೂ ಒಟ್ಟಿಗೆ ಹಿಂದಿನ ಲೋಳೆಯೊಳಕ್ಕೆ ಇಳಿದಿವೆ.

'ಅದನ್ನೇ ಎತ್ತಿ ಮತ್ತೆ ಕಟ್ಟಲಿಕ್ಕೆ ಆಗಲ್ವಾ ಡಾಕ್ಟ್ರೇ?' ಅಂತ ಕೇಳಿದೆ.

ಅವರು ಕೊಟ್ಟ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇಂಥ ತೊಂದರೆಯಲ್ಲಿ ಸಿಕ್ಕಿದವರಿಗೆ ಆಯ್ಕೆ ಒಂದೇ ಅಲ್ಲ ಅಂತ ತಿಳಿದಿದ್ದರೆ ಕೇಳುವುದಕ್ಕೆ ಧೈರ್ಯ ಬರುತ್ತದೆ. ಚೀಲ ಪೂರ್ತಿ ಬೀಳದೆ ಒಂದು ಕಡೆ ಮಾತ್ರ ಇಳಿದಿದ್ದರೆ, ಒಳಗಿರುವ ಬಳೆಗೆ ಕುಣಿಕೆಯ ಹಾಗೆ ದಾರ ಹಾಕಿ ಕಣ್ಣಿನ ಬಿಳಿಭಾಗಕ್ಕೆ ಎಳೆದು ಕಟ್ಟಬಹುದು. ಮೊದಲೇ ದಾರ ಕಟ್ಟುವುದಕ್ಕೆಂದು ಕೊಕ್ಕೆ ಇರುವ ಬಳೆಗಳೂ ಇವೆ, ಅವಕ್ಕೆ ಸಿಯೋನಿ ರಿಂಗ್ ಅನ್ನುತ್ತಾರೆ. ನಾರು ಹರಿದಿರುವ ಕಡೆಗಷ್ಟೇ ಆಸರೆ ಕೊಡುವ ತುಂಡು ಬಳೆಯೂ ಇದೆ, ಅದು ಅಹ್ಮದ್ ಸೆಗ್ಮೆಂಟ್. ನನ್ನ ಚೀಲ ಸುಕ್ಕುಗಟ್ಟಿ, ಗಟ್ಟಿಯಾಗಿ, ಪೂರ್ತಿ ಕೆಳಗೆ ಬಿದ್ದಿತ್ತು. ಒಳಗಿದ್ದ ಲೆನ್ಸು ಮಡಚುವ ಒಂದೇ ತುಂಡಿನದು. ಅದರ ಕೈಗಳು ಚಪ್ಪಟೆ ಮತ್ತು ಮೆತ್ತಗೆ. ಚೀಲದೊಳಗೆ ಕೂರಲು ಚೆನ್ನ, ಚೀಲವಿಲ್ಲದೆ ನೇತುಹಾಕಲು ಬರುವುದಿಲ್ಲ. ಹಾಗಾಗಿ ತೆಗೆದು ಬೇರೆ ಹಾಕಬೇಕು.

ಬೇರೆಯದನ್ನು ಎಲ್ಲಿಗೆ ಸಿಕ್ಕಿಸುವುದು? ಕಣ್ಣಿನ ಮುಂದಿನ ಕೋಣೆಯಲ್ಲಿ ಕೂರಿಸುವ ಲೆನ್ಸ್ ಇದೆ, ಅದು ಕಾರ್ನಿಯಾಕ್ಕೆ ಹತ್ತಿರ. ಇರುವ 1,600 ಕೋಶಗಳನ್ನು ಕಾಪಾಡಿಕೊಳ್ಳಬೇಕಾದ ಕಣ್ಣಿಗೆ ಬೇಡ ಅಂದರು. ಪಾಪೆಯ ಸುತ್ತಲಿನ ಬಣ್ಣದ ಪರದೆಗೆ ಏಡಿಯ ಕೊಂಡಿಯಂತೆ ಕಚ್ಚಿಕೊಳ್ಳುವ ಲೆನ್ಸ್ ಇನ್ನೊಂದು. ನೆದರ್‌ಲೆಂಡ್ಸ್‌ನ ಯಾನ್ ವೋರ್ಸ್ಟ್ ಕಂಡುಹಿಡಿದದ್ದು, ಐರಿಸ್ ಕ್ಲಾ ಅಂತ ಹೆಸರು. ಬೇಗ ಮುಗಿಯುವ ಕೆಲಸ, ನಮ್ಮ ದೇಶದಲ್ಲಿ ಬಹಳ ಕಡೆ ಹಾಕುತ್ತಾರೆ. ಆದರೆ ನನ್ನ ಪರದೆಯೇ ಆ ಚಿನ್ನಿಯ ಪೆಟ್ಟಿಗೆ ಎರಡು ಕಡೆ ಸೀಳಿತ್ತು. ಜೀರ್ಣವಾದ ಬಟ್ಟೆಗೆ ಹುಕ್ಸ್ ಹಾಕಿದರೆ ಬಟ್ಟೆಯೇ ಹರಿಯುತ್ತದೆ, ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಉಳಿದದ್ದು ಕಣ್ಣಿನ ಬಿಳಿಗೋಡೆ, ಸ್ಕ್ಲೀರಾ. ಗಟ್ಟಿ ಅಂದರೆ ಅದೊಂದೇ. ಬಹಳ ವರ್ಷ ಅದಕ್ಕೆ ಲೆನ್ಸನ್ನು ದಾರದಿಂದ ಹೊಲಿಯುತ್ತಿದ್ದರು. ದಾರ 10-0 ಪ್ರೋಲೀನ್, ಪ್ಲಾಸ್ಟಿಕ್ಕಿನ ತೀರಾ ಸಣ್ಣ ಎಳೆ. ದಾರದ ವಿಷಯ ಬಂದ ಕೂಡಲೇ ನನಗೆ ಕುತೂಹಲ ತಡೆಯಲಾಗಲಿಲ್ಲ, ಎಷ್ಟು ಸಣ್ಣ ಅಂತ ಕೇಳಿದೆ. 'ನಿಮ್ಮ ತಲೆಕೂದಲಿನ ಅರ್ಧವೂ ಇಲ್ಲ' ಅಂದರು. ಅಷ್ಟು ಸಣ್ಣ ದಾರದಲ್ಲಿ ಲೆನ್ಸು ವರ್ಷಗಟ್ಟಲೆ ಜೋತಾಡಿ, ಕಣ್ಣು ತಿರುಗಿದಾಗಲೆಲ್ಲ ಎಳೆತ ಬಿದ್ದು, ಕೆಲವರಲ್ಲಿ ಐದಾರು ವರ್ಷಕ್ಕೆ, ಕೆಲವರಲ್ಲಿ ಹತ್ತು ವರ್ಷಕ್ಕೆ ದಾರ ಕಡಿದು ಲೆನ್ಸು ಮತ್ತೆ ಬಿದ್ದಿದೆಯಂತೆ. ಅದಕ್ಕೇ ಕೆಲವರು ಅದಕ್ಕಿಂತ ಗಟ್ಟಿಯಾದ ಗೋರ್‌ಟೆಕ್ಸ್ ದಾರ ಬಳಸುತ್ತಾರೆ. ಇನ್ನು ಕೆಲವರು ದಾರವನ್ನೇ ಬಿಟ್ಟರು. 2007ರಲ್ಲಿ ಚೆನ್ನೈನ ಡಾ. ಅಮರ್ ಅಗರ್‌ವಾಲ್ ಲೆನ್ಸಿನ ಕೈಗಳನ್ನೇ ಬಿಳಿಗೋಡೆಯೊಳಗೆ ತೂರಿಸಿ, ಮೇಲಿನ ಮುಚ್ಚಳದಂಥ ಪದರವನ್ನು ಫೈಬ್ರಿನ್ ಅನ್ನುವ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಅಂಟಿನಿಂದ ಅಂಟಿಸುವ ಕ್ರಮ ತಂದರು. ನಮ್ಮ ಪಕ್ಕದ ರಾಜ್ಯದಲ್ಲಿ ಹುಟ್ಟಿದ ಆ ಕೆಲಸವನ್ನು ಈಗ ಬೇರೆ ಬೇರೆ ದೇಶಗಳಲ್ಲಿ ಮಾಡುತ್ತಾರೆ. ಇಟಲಿಯ ಕಾರ್ಲೆವಾಲೆ ಲೆನ್ಸಿನ ಎರಡು ತುದಿಯಲ್ಲಿ ಟಿ ಅಕ್ಷರದಂಥ ಗುಬ್ಬಿಗಳಿರುತ್ತವೆ, ಕಾಜಾದಿಂದ ಹೊರಬಂದ ಗುಂಡಿಯ ಹಾಗೆ ಅವು ಗೋಡೆಯಲ್ಲಿ ಅಡ್ಡಲಾಗಿ ನಿಲ್ಲುತ್ತವೆ. ಬ್ರೆಜಿಲ್‌ನ ಸರ್ಜಿಯೊ ಕನಬ್ರಾವ ದಪ್ಪ ಪ್ರೋಲೀನ್ ದಾರದ ತುದಿಗಳನ್ನು ಕಾಯಿಸಿ ಗುಂಡಿ ಮಾಡಿ ನಿಲ್ಲಿಸುತ್ತಾರೆ.

'ನಾನು ನಿಮಗೆ ಮಾಡಬೇಕೆಂದಿರುವುದು ಯಮಾನೆ ಪದ್ಧತಿ' ಅಂದರು. ಜಪಾನಿನ ಯೊಕೊಹಾಮದ ಶಿನ್ ಯಮಾನೆ ಅನ್ನುವ ಸರ್ಜನ್ ನೂರು ಕಣ್ಣುಗಳಿಗೆ ಮಾಡಿ 2017ರಲ್ಲಿ ಪ್ರಕಟಿಸಿದ್ದು. ಹೊಲಿಗೆಯಿಲ್ಲ, ಅಂಟಿಲ್ಲ. ಇದಕ್ಕೆ ಮೂರು ತುಂಡಿನ ಲೆನ್ಸ್ ಬೇಕು. ನಡುವೆ 6 ಮಿಲಿಮೀಟರಿನ ಬಿಲ್ಲೆ, ಎರಡು ಕಡೆ ಕೂದಲಿನಂಥ ಎರಡು ಬಾಗಿದ ಕೈಗಳು, ದಪ್ಪ ಸುಮಾರು 0.15 ಮಿಲಿಮೀಟರ್. ಕರಿಗುಡ್ಡೆಯ ಅಂಚಿನಿಂದ 2 ಮಿಲಿಮೀಟರ್ ಹಿಂದೆ, ಎದುರುಬದುರಾಗಿ, 30 ಗೇಜಿನ ಟೊಳ್ಳು ಸೂಜಿಗಳೆರಡನ್ನು ಬಿಳಿಗೋಡೆಯೊಳಗೆ ಓರೆಯಾಗಿ ತೂರಿಸುತ್ತಾರೆ. ಕಣ್ಣೊಳಗೆ ಬಿಟ್ಟ ಲೆನ್ಸಿನ ಒಂದೊಂದು ಕೈಯನ್ನೂ ಒಂದೊಂದು ಸೂಜಿಯ ಟೊಳ್ಳಿನೊಳಗೆ ಪೋಣಿಸುತ್ತಾರೆ. ಸೂಜಿಯನ್ನು ಹಿಂದಕ್ಕೆ ಎಳೆದರೆ ಕೈ ಹೊರಕ್ಕೆ ಬರುತ್ತದೆ. ಹೊರಬಂದ ತುದಿಗೆ ಕಾಟರಿ ಅನ್ನುವ ಕಾದ ತುದಿಯ ಸಣ್ಣ ಉಪಕರಣವನ್ನು ಹತ್ತಿರ ಹಿಡಿದರೆ ಅದು ಕರಗಿ 0.3 ಮಿಲಿಮೀಟರಿನ ಗುಂಡಿ ಆಗುತ್ತದೆ. ಆ ಗುಂಡಿಯನ್ನು ಮೆಲ್ಲಗೆ ಒತ್ತಿ ಬಿಳಿಗೋಡೆಯೊಳಗೇ ಹುದುಗಿಸುತ್ತಾರೆ. ರಂಧ್ರಕ್ಕಿಂತ ಗುಂಡಿ ದೊಡ್ಡದು, ವಾಪಸು ಜಾರಲಾರದು.

ಅವರು ಅಷ್ಟು ಹೇಳುವಾಗ ನನ್ನ ಕೈಬೆರಳು ತಾನೇ ತಾನಾಗಿ ಆಡುತ್ತಿತ್ತು. ರವಿಕೆಯ ಬೆನ್ನಿಗೆ ಹಾಕುವ ನೈಲಾನ್ ಡೋರಿಯ ತುದಿ ಬಿಚ್ಚಿಕೊಳ್ಳದಿರಲಿ ಅಂತ ಮೂವತ್ತು ವರ್ಷದಿಂದ ಮೇಣದಬತ್ತಿಗೆ ಹಿಡಿಯುತ್ತ ಬಂದವಳು ನಾನು. ಜ್ವಾಲೆಗೆ ತಾಗಿಸಬಾರದು, ತಾಗಿಸಿದರೆ ಕಪ್ಪಾಗುತ್ತದೆ. ಪಕ್ಕದಲ್ಲಿ ಹಿಡಿಯಬೇಕು. ತುದಿ ಮೊದಲು ಹೊಳೆಯುತ್ತದೆ, ಆಮೇಲೆ ಒಳಕ್ಕೆ ಸೇದಿಕೊಂಡು ದುಂಡಗಾಗುತ್ತದೆ. ಆ ಕ್ಷಣಕ್ಕೆ ಹಿಂದಕ್ಕೆ ತೆಗೆಯಬೇಕು. ಅದನ್ನು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, 'ಅದೇ ಅಮ್ಮಾ, ಅದೇ. ನಾವೂ ತಾಗಿಸೋದಿಲ್ಲ' ಅಂದರು. ಕೈಗಳು ಪಿ.ವಿ.ಡಿ.ಎಫ್ ಅನ್ನುವ ಪದಾರ್ಥದ್ದಾದರೆ ಬಾಗುತ್ತವೆ, ಮುರಿಯುವುದಿಲ್ಲ, ಗುಂಡಿಯೂ ಚೆನ್ನಾಗಿ ಆಗುತ್ತದೆ, ಅಂಥದ್ದನ್ನೇ ತರಿಸುತ್ತೇನೆ ಅಂದರು. ಬಂದಾಗಿನಿಂದ ಹೊಟ್ಟೆಯಲ್ಲಿ ಕೂತಿದ್ದ ಭಯ ಆ ಹೊತ್ತಿಗೆ ಅರ್ಧ ಇಳಿಯಿತು. ಏನು ಮಾಡುತ್ತಾರೆ ಅಂತ ಕೈಗೆ ಅರ್ಥವಾಗಿತ್ತು.

ಅಪಾಯಗಳನ್ನೂ ಅವರು ಮುಚ್ಚಿಡಲಿಲ್ಲ. ರೆಟಿನಾ ಬಿಚ್ಚಿಕೊಳ್ಳಬಹುದು, ರಕ್ತ ಬರಬಹುದು, ನಡುದೃಷ್ಟಿಯ ಜಾಗದಲ್ಲಿ ನೀರು ತುಂಬಬಹುದು, ಲೆನ್ಸ್ ಓರೆಯಾಗಬಹುದು, ಗುಂಡಿ ವರ್ಷಗಳ ಮೇಲೆ ಹೊರಕ್ಕೆ ಒತ್ತಿಕೊಂಡು ಬರಬಹುದು. ಒಂದೊಂದನ್ನೂ ಹೇಳಿ, ಹಾಗಾದರೆ ಏನು ಮಾಡುತ್ತೇವೆ ಅನ್ನುವುದನ್ನೂ ಹೇಳಿದರು. ಖರ್ಚು ಎಲ್ಲ ಸೇರಿ 70,000 ರೂಪಾಯಿಯ ಹತ್ತಿರ ಬಂತು. ಅರ್ಧ ವಿಮೆಯಲ್ಲಿ ಹೋಯಿತು, ಇನ್ನರ್ಧಕ್ಕೆ ಚೀಟಿ ಎತ್ತಿದೆವು.

ಮುಂದಿನ ಬುಧವಾರ ಬೆಳಗ್ಗೆ ಆಪರೇಷನ್. ತಲೆಗೆ ಹಸಿರು ಟೋಪಿ, ಎಡ ಹುಬ್ಬಿನ ಮೇಲೆ ಪೆನ್ನಿನಲ್ಲಿ ಗುರುತು. ಅರ್ಧ ಗಂಟೆಗೊಮ್ಮೆ ಹನಿ. ಕಣ್ಣಿನ ಪಕ್ಕಕ್ಕೆ ಕೊಡುವ ಇಂಜೆಕ್ಷನ್ನಿಗೆ ಹೆದರಿದ್ದೆ, ಒಂದು ಒತ್ತಿದ ನೋವು ಬಂದು ಹೋಯಿತು, ಅಷ್ಟೇ. ರೆಪ್ಪೆ ಭಾರವಾಯಿತು, ಗುಡ್ಡೆ ನನ್ನ ಮಾತು ಕೇಳದಾಯಿತು. ಮುಖದ ಮೇಲೆ ಬಟ್ಟೆ ಹಾಸಿದರು. ಉಸಿರಿಗೆ ಗಾಳಿಯ ನಳಿಗೆ ಇಟ್ಟರು. ಕಂದು ಬಣ್ಣದ ಅಯೋಡಿನ್ ಕಣ್ಣೊಳಗೆ ಬಿದ್ದದ್ದು ಒಂದು ಕ್ಷಣ ಸಂಜೆಯ ಬೆಳಕಿನಂತೆ ಕಂಡಿತು.

ನಾನು ಎಚ್ಚರವಾಗಿಯೇ ಇದ್ದೆ. ಮೊದಲು ವಿಟ್ರೆಕ್ಟಮಿ, ಅಂದರೆ ಕಣ್ಣು ತುಂಬ ಇರುವ ಲೋಳೆಯನ್ನು ಕತ್ತರಿಸಿ ಹೀರಿ ತೆಗೆಯುವುದು. ಲೆನ್ಸು ಆ ಲೋಳೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಹಾಗೇ ಎಳೆದರೆ ಲೋಳೆಯ ಜೊತೆ ರೆಟಿನಾವೂ ಎಳೆದುಕೊಂಡು ಹರಿಯಬಹುದು. ಅರ್ಧ ಮಿಲಿಮೀಟರಿನ ಮೂರು ತೂತು, ಒಂದರಲ್ಲಿ ನೀರು, ಒಂದರಲ್ಲಿ ದೀಪ, ಒಂದರಲ್ಲಿ ಕತ್ತರಿ. ಯಂತ್ರದ ಟಕಟಕ ಸದ್ದು ನಮ್ಮ ಪಿಕೋ ಮಷಿನ್ನಿನ ಹಾಗೇ ಕೇಳುತ್ತಿತ್ತು. ಕಣ್ಣಿಗೆ ಬೂದು ಬೆಳಕಿನಲ್ಲಿ ನೆರಳುಗಳು ಓಡಾಡಿದವು. ಒಂದು ಸಣ್ಣ ಕಡ್ಡಿಯಂಥ ನೆರಳು ಬಂದು ಆ ದುಂಡು ಬಿಲ್ಲೆಯನ್ನು ಹಿಡಿದು ಮೇಲಕ್ಕೆತ್ತಿದ್ದು ನನಗೇ ಕಂಡಿತು. ಆಮೇಲೆ ಅದನ್ನು ಒಳಗೇ ಕತ್ತರಿಸಿ ತೆಗೆದರಂತೆ, ಗಾಯ ದೊಡ್ಡದಾಗದಿರಲಿ ಅಂತ.

ಬಿಲ್ಲೆ ಹೋದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎರಡು ಸೂಜಿಗಳ ಓರೆ ಒಂದೇ ಅಳತೆಯಲ್ಲಿರಬೇಕು. ಒಂದು ಹೆಚ್ಚು ಒಂದು ಕಮ್ಮಿಯಾದರೆ ಲೆನ್ಸ್ ವಾಲುತ್ತದೆ, ಎರಡು ತೋಳಿನ ಸುತ್ತು ಬೇರೆಯಾದ ರವಿಕೆ ಒಂದು ಕಡೆ ಎಳೆಯುವ ಹಾಗೆ. ಅದಕ್ಕಾಗಿ ಗುಡ್ಡೆಯ ಮೇಲೆ ಕೂರಿಸುವ ಒಂದು ಹಿಡಿಕೆ ಬಂದಿದೆ, ಸೂಜಿ ಎಲ್ಲಿ ಹೋಗಬೇಕು, ಯಾವ ಕೋನದಲ್ಲಿ ಹೋಗಬೇಕು ಅನ್ನುವುದನ್ನು ಅದು ಹಿಡಿದಿಡುತ್ತದೆ. ನನ್ನ ಸರ್ಜನ್ ಅದರ ಬದಲು ಇಂಕಿನ ಗುರುತು ಹಾಕಿಕೊಂಡರು. ಎದುರುಬದುರು ಎರಡು ಚುಕ್ಕೆ, ಅಂಚಿನಿಂದ ಕ್ಯಾಲಿಪರ್‌ನಲ್ಲಿ ಅಳೆದು. ಮೊದಲ ಕೈ ಪೋಣಿಸುವುದು ಸುಲಭವಂತೆ. ಎರಡನೆಯದು ಕಷ್ಟ, ಬಿಲ್ಲೆ ತಿರುಗುತ್ತದೆ, ಕೈ ಬಾಗಿ ಹಿಂದಕ್ಕೆ ಸರಿಯುತ್ತದೆ. 'ಇನ್ನೊಂದ್ಸಲ' ಅಂತ ಡಾಕ್ಟರು ತಮಗೇ ಹೇಳಿಕೊಂಡದ್ದು ಎರಡು ಬಾರಿ ಕೇಳಿಸಿತು. ಎಡಗೈಯನ್ನು ನರ್ಸ್ ಹಿಡಿದುಕೊಂಡಿದ್ದರು. ನಾನು ಕೆಮ್ಮು ಬರದಿರಲಿ ಅಂತ ಮಂಜುನಾಥನನ್ನು ನೆನೆಯುತ್ತಿದ್ದೆ.

ಮೊದಲೇ ಕೇಳಿಕೊಂಡಿದ್ದೆ, ಕರಗಿಸುವಾಗ ಹೇಳಿ ಅಂತ. ಅವರು ಮರೆಯಲಿಲ್ಲ. 'ಈಗ ಒಂದು ತುದಿ, ಅಮ್ಮಾ' ಅಂದರು. ಸದ್ದಿಲ್ಲ, ವಾಸನೆಯಿಲ್ಲ. ನಾಲ್ಕು ಉಸಿರು ಕಳೆದ ಮೇಲೆ, 'ಇದು ಎರಡನೇದು.' ಆಮೇಲೆ ಗುಡ್ಡೆಯ ಮೇಲೆ ಎರಡು ಕಡೆ ಮೆಲ್ಲಗೆ ಒತ್ತಿದ ಹಾಗಾಯಿತು. ಒಟ್ಟು ಒಂದು ಗಂಟೆ ಹತ್ತು ನಿಮಿಷ.

ಹೊರಗೆ ಬಂದಾಗ ಅಣ್ಣ ಕುರ್ಚಿಯಿಂದ ಎದ್ದು ಬಂದು ಏನೂ ಕೇಳದೆ ವೀಲ್‌ಚೇರ್ ಹಿಡಿದುಕೊಂಡ. ಬೆಳಗ್ಗೆಯಿಂದ ಕಾಫಿ ಕೂಡ ಕುಡಿದಿರಲಿಲ್ಲ ಅಂತ ಯಜಮಾನರು ಹೇಳಿದರು.

ಮಾರನೇ ದಿನ ಪಟ್ಟಿ ಬಿಚ್ಚಿದರು. ಸ್ಪಷ್ಟವಾಗಿ ಕಾಣುತ್ತದೆ ಅಂತ ನಿರೀಕ್ಷೆ ಇಟ್ಟುಕೊಂಡವರಿಗೆ ಒಂದು ಮಾತು: ಮೊದಲ ದಿನ ಮಂಜೇ. ಕಣ್ಣು ಕೆಂಡದ ಹಾಗೆ ಕೆಂಪಗಿತ್ತು. ಒಳಗೆ ಲೋಳೆಯ ಬದಲು ನೀರಿದೆ, ಅದು ತಿಳಿಯಾಗಬೇಕು. ಬೆರಳು ಎಣಿಸಿದೆ, ಗೋಡೆಯ ದೊಡ್ಡ ಅಕ್ಷರ ಓದಿದೆ. ನಾಲ್ಕನೇ ದಿನ ಅತ್ತಿಗೆಯ ಸೀರೆಯ ಜರಿಯಲ್ಲಿ ಮಾವಿನಕಾಯಿ ಬುಟ್ಟಾ ಇರುವುದು ಎಡಗಣ್ಣೊಂದರಲ್ಲೇ ಗೊತ್ತಾಯಿತು. ದಿನಕ್ಕೆ ಎಂಟು ಸಲ ಒಂದು ಹನಿ, ನಾಲ್ಕು ಸಲ ಇನ್ನೊಂದು, ವಾರ ವಾರಕ್ಕೆ ಇಳಿಸುತ್ತ ಬರಬೇಕು. ಅತ್ತಿಗೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಪಟ್ಟಿ ಮಾಡಿ ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದರು. ಒಂದು ಹನಿಯೂ ತಪ್ಪಲಿಲ್ಲ. ತಲೆಗೆ ನೀರಿಲ್ಲ, ಬಿಂದಿಗೆ ಎತ್ತುವ ಹಾಗಿಲ್ಲ, ಕಣ್ಣು ಉಜ್ಜುವ ಹಾಗಂತೂ ಇಲ್ಲವೇ ಇಲ್ಲ. ರಾತ್ರಿ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಂಡು ಮಲಗುತ್ತಿದ್ದೆ.

ವಾರದ ಚೆಕಪ್ಪಿಗೆ ಹೋದಾಗ ಹಳೆಯ ಲೆನ್ಸನ್ನು ಸಣ್ಣ ಸೀಸೆಯಲ್ಲಿ ಹಾಕಿ ತೋರಿಸಿದರು. ಅರ್ಧರ್ಧ ಕತ್ತರಿಸಿದ ಬಿಲ್ಲೆ, ಒಂದು ಸಾಬಕ್ಕಿಯನ್ನು ಚಪ್ಪಟೆ ಮಾಡಿದಷ್ಟು. ಪಕ್ಕದಲ್ಲಿ ಆ ಬಳೆ, ಮಗುವಿನ ಉಗುರಿಗಿಂತ ಸ್ವಲ್ಪ ದೊಡ್ಡ ಸುತ್ತು, ಇನ್ನೂ ಚೂರೂ ಬಾಗದೆ ದುಂಡಗೇ ಇತ್ತು. ಹದಿಮೂರು ವರ್ಷ ಇಷ್ಟರಲ್ಲೇ ನಾನು ಸಾವಿರಾರು ರವಿಕೆ ಹೊಲಿದೆ ಅನ್ನಿಸಿ ಗಂಟಲು ಕಟ್ಟಿತು. ಕೃತಕ ಲೆನ್ಸನ್ನು ಮೊದಲು ಮನುಷ್ಯರ ಕಣ್ಣಿಗೆ ಹಾಕಿದವರು ಲಂಡನ್ನಿನ ಹ್ಯಾರಲ್ಡ್ ರಿಡ್ಲಿ, 1949ರಲ್ಲಿ. ಯುದ್ಧವಿಮಾನದ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣೊಳಗೆ ಸೇರಿದರೂ ಕಣ್ಣು ಅದನ್ನು ತಳ್ಳಿಹಾಕದೆ ಇಟ್ಟುಕೊಂಡದ್ದನ್ನು ಕಂಡು ಅವರಿಗೆ ಹೊಳೆದದ್ದಂತೆ. 1992ರಲ್ಲಿ ಮಧುರೆಯಲ್ಲಿ ಅರವಿಂದ ಕಣ್ಣಾಸ್ಪತ್ರೆಯ ಸಂಸ್ಥೆಯವರು ಆರೋಲ್ಯಾಬ್ ಶುರುಮಾಡಿ ಕಡಿಮೆ ಬೆಲೆಗೆ ಲೆನ್ಸ್ ತಯಾರಿಸಿದ ಮೇಲೆ ನಮ್ಮಂಥವರ ಕೈಗೆ ಅದು ಎಟುಕಿತು. ಅಜ್ಜಿಗೆ ಸಿಗದೇ ಹೋದದ್ದು ನನಗೆ ಎರಡು ಸಲ ಸಿಕ್ಕಿತು.

ಐದನೇ ವಾರ ಒಂದು ಹಿನ್ನಡೆ ಆಯಿತು. ಊರಿಗೆ ಬಂದಾಗಿತ್ತು. ಚೆನ್ನಾಗಿ ಕಾಣುತ್ತಿದ್ದ ಕಣ್ಣಿನಲ್ಲಿ ಬಾಗಿಲ ಚೌಕಟ್ಟು ನಡುವೆ ಕೊಂಚ ಬಾಗಿದಂತೆ ಕಂಡಿತು, ಅಕ್ಷರದ ಮಧ್ಯಭಾಗ ಮಸುಕು. ಈ ಸಲ ಕನ್ನಡಕದ ಅಂಗಡಿಗೆ ಹೋಗಲಿಲ್ಲ, ಅವತ್ತೇ ಬೆಂಗಳೂರಿಗೆ ಫೋನ್ ಮಾಡಿದೆ. ಓ.ಸಿ.ಟಿ. ಸ್ಕ್ಯಾನಿನಲ್ಲಿ ರೆಟಿನಾದ ನಡುವೆ ನೀರು ತುಂಬಿದ ಸಣ್ಣ ಗುಳ್ಳೆಗಳು ಕಂಡವು. ಮೊದಲೇ ಹೇಳಿದ್ದ ತೊಂದರೆಗಳಲ್ಲಿ ಒಂದು. ಇನ್ನೊಂದು ಹನಿ ಸೇರಿಸಿ ಎರಡು ತಿಂಗಳು ಹಾಕಿಸಿದರು. ಯುಗಾದಿಯ ಹೊತ್ತಿಗೆ ಗುಳ್ಳೆಗಳು ಇಂಗಿ ಚೌಕಟ್ಟು ನೆಟ್ಟಗಾಯಿತು. ಆಮೇಲೆ ಕನ್ನಡಕ ಬರೆದರು. ಈಗ ದೂರಕ್ಕೆ 6/9 ಓದುತ್ತೇನೆ, ಅಂದರೆ ಪೂರ್ತಿ ದೃಷ್ಟಿಗಿಂತ ಸ್ವಲ್ಪವೇ ಕಮ್ಮಿ. ಹತ್ತಿರದ ಕೆಲಸಕ್ಕೆ ಬೇರೆ ಕನ್ನಡಕ ಬೇಕು. ಹರಿದ ಪಾಪೆ ಪೂರ್ತಿ ಮುದುಡುವುದಿಲ್ಲವಾದ್ದರಿಂದ ಬಿಸಿಲಿನಲ್ಲಿ ಆ ಕಣ್ಣು ಚುಚ್ಚುತ್ತದೆ, ಕಪ್ಪು ಕನ್ನಡಕ ಹಾಕುತ್ತೇನೆ. ಒಬ್ಬೊಬ್ಬರಿಗೆ ಲೆನ್ಸ್ ನಡುಗಿದಂತೆ ಕಾಣುತ್ತದೆಯಂತೆ, ನನಗೆ ಇಲ್ಲ.

ಈ ಸಲ ಲೆನ್ಸಿನ ಕಾರ್ಡ್ ಕೇಳಿ ಇಸಿದುಕೊಂಡೆ. ಅದರಲ್ಲಿ ಪವರ್, ಮಾದರಿ, ನಂಬರ್ ಇರುವ ಸ್ಟಿಕ್ಕರ್ ಇದೆ. 2010ರ ಕಾರ್ಡನ್ನು ನಾನು ಇಟ್ಟುಕೊಂಡಿರಲಿಲ್ಲ. ಒಳಗಿರುವುದು ಯಾವ ಲೆನ್ಸ್, ಬಳೆ ಇದೆಯೋ ಇಲ್ಲವೋ ಅನ್ನುವುದನ್ನು ಡಾಕ್ಟರು ಸ್ಕ್ಯಾನಿನಲ್ಲಿ ಹುಡುಕಿ ಕಂಡುಹಿಡಿಯಬೇಕಾಗಿ ಬಂತು. ಹೊಸ ಕಾರ್ಡನ್ನು ಯಜಮಾನರು ರೇಷನ್ ಕಾರ್ಡಿನ ಜೊತೆ ಒಂದೇ ಕವರಿನಲ್ಲಿ ಇಟ್ಟಿದ್ದಾರೆ.

ಮೊನ್ನೆ ವರ್ಷದ ಚೆಕಪ್ಪಿಗೆ ಹೋದಾಗ ಸ್ಲಿಟ್‌ಲ್ಯಾಂಪಿನಲ್ಲಿ ತೆಗೆದ ಫೋಟೋವನ್ನು ಡಾಕ್ಟರು ಯಜಮಾನರ ಮೊಬೈಲಿಗೆ ಹಾಕಿಕೊಟ್ಟರು. ಬಿಳಿಗೋಡೆಯ ಮೇಲೆ, ಕೆಂಪು ನರಗಳ ನಡುವೆ, ಸಾಸಿವೆಯ ಕಾಲುಭಾಗವೂ ಇಲ್ಲದ ಒಂದು ನೀಲಿ ಚುಕ್ಕೆ. ರಾತ್ರಿ ಊಟವಾದ ಮೇಲೆ ಅಣ್ಣ ಕನ್ನಡಕ ಹಾಕಿಕೊಂಡು ಅದನ್ನು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ.

'ಇದೇನಾ ಮಾರಾಯ್ತಿ ಗಂಟು?'

'ಗಂಟಲ್ಲ ಅಣ್ಣಾ, ಕರಗಿಸಿದ ತುದಿ.'

'ಬಿಚ್ಚಲ್ಲ ತಾನೇ?'

'ಸರಿಯಾಗಿ ಕರಗಿಸಿದ್ದು ಬಿಚ್ಚಲ್ಲ' ಅಂದೆ. ಅವನು ಇನ್ನೂ ಸ್ವಲ್ಪ ಹೊತ್ತು ನೋಡಿ, ಮೊಬೈಲನ್ನು ನನ್ನ ಕೈಗೆ ಕೊಟ್ಟು, ಅತ್ತಿಗೆಯನ್ನು ಕರೆದು ಹಾಲು ಕಾಯಿಸಲು ಹೇಳಿದ.